ಕಾಲಿಂಚು ಬೋಲ್ಟಿನ ಕೋಲು

ಅವರ ಬಲಗೈ ಹೆಬ್ಬೆರಳಿನ ಉಗುರು ಹಳೇ ಹುಣಸೆಹಣ್ಣಿನ ಬಣ್ಣಕ್ಕಿತ್ತು. ಫೋಟೋ ತೊಳೆಯುವ ಔಷಧಿಯ ಕಲೆ ಅದು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಹೆಬ್ಬೆರಳನ್ನು ಮಿಕ್ಕ ನಾಲ್ಕು ಬೆರಳುಗಳ ಒಳಗೆ ಬಿಗಿಯಾಗಿ ಮಡಚಿಟ್ಟುಕೊಂಡು ಓಡಾಡುತ್ತಿದ್ದರು. ಕಲೆ ಕಾಣದಿರಲಿ ಅಂತ ಇರಬೇಕು ಎಂದುಕೊಂಡಿದ್ದೆ. ಕಾರಣ ಬೇರೆ ಇತ್ತು.

ಶ್ರೀನಿವಾಸಪುರದಲ್ಲಿ ಅವರದು ಫೋಟೋ ಸ್ಟುಡಿಯೋ. ಎಲ್ಲರೂ ಸ್ಟುಡಿಯೋ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ತಗಡಿನ ಶೆಡ್ಡು. ಗುದ್ದಲಿಗೆ, ಕೊಡಲಿಗೆ ಮರದ ಕಾವು ಹಾಕುವುದು, ತೋಟಗಳಿಗೆ ಮಾವಿನಕಾಯಿ ಕೀಳುವ ದೋಟಿ ಕಟ್ಟಿಕೊಡುವುದು ನನ್ನ ಕೆಲಸ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಬಿದಿರಿನ ವಿಷಯದಲ್ಲಿ ಮುಳಬಾಗಿಲಿನಿಂದ ಮಾಲೂರಿನವರೆಗೆ ಯಾರೂ ನನಗೆ ಪಾಠ ಹೇಳುವ ಹಾಗಿರಲಿಲ್ಲ. ಶೆಡ್ಡಿನಲ್ಲಿ ಅಳತೆಪಟ್ಟಿ ಇಟ್ಟಿರಲಿಲ್ಲ. ಯಾರಾದರೂ ಕೇಳಿದರೆ ನನ್ನ ಕಣ್ಣು ತೋರಿಸುತ್ತಿದ್ದೆ.

ಒಂದು ಬೆಳಿಗ್ಗೆ ಅವರು ಶೆಡ್ಡಿಗೆ ಬಂದರು.

"ಏನಯ್ಯಾ, ಬೆಟ್ಟ ಹತ್ತಕ್ಕೆ ಒಂದು ಕೋಲು ಬೇಕಲ್ಲ."

"ಯಾರಿಗಣ್ಣಾ?"

"ನನಗೇ. ಕಾಲು ನೋವು."

ಸೋಮವಾರ ಸ್ಟುಡಿಯೋಗೆ ರಜ. ಅವತ್ತು ಅವರು ಬಸ್ಸು ಹತ್ತಿ ಅಂತರಗಂಗೆಗೋ ಆವನಿಗೋ ಕುರುಡುಮಲೆಗೋ ಹೋಗುತ್ತಿದ್ದರು. ಕೊರಳಲ್ಲಿ ಕ್ಯಾಮೆರಾ, ಚೀಲದಲ್ಲಿ ಚಿತ್ರಾನ್ನದ ಪೊಟ್ಟಣ. ತೆಗೆಯುತ್ತಿದ್ದದ್ದು ಬಂಡೆಗಳ ಫೋಟೋ.

"ಬಂಡೆ ಫೋಟೋ ಯಾರಣ್ಣಾ ತಗೊಳ್ತಾರೆ?" ಎಂದೆ.

"ಯಾರೂ ತಗೊಳಲ್ಲ. ವಾರವೆಲ್ಲ ಕಣ್ಣು ಮಿಟುಕಿಸೋರನ್ನೇ ತೆಗೆದೂ ತೆಗೆದೂ ಸಾಕಾಗಿರುತ್ತೆ ಕಣೋ. ಬಂಡೆ ಮಿಟುಕಿಸಲ್ಲ."

ಅರ್ಧ ದಿನ ಕೋಲು ಆರಿಸಿದರು. ಮೊದಲು ಹಿಡಿದದ್ದು ಹೊಳೆಯುವ ಬೆತ್ತ. ಅದು ಬಾಗುತ್ತದೆ, ಭಾರ ಬಿಟ್ಟ ಹೊತ್ತಿಗೇ ಕೈಕೊಡುತ್ತದೆ ಎಂದೆ. ಆಮೇಲೆ ಹುಣಸೆ ಮರದ್ದು ಎತ್ತಿದರು. ಗಟ್ಟಿಯೇನೋ ಹೌದು, ಬೆಟ್ಟದ ಅರ್ಧಕ್ಕೆ ಹೋಗುವಷ್ಟರಲ್ಲಿ ಕೋಲು ನಿಮ್ಮನ್ನಲ್ಲ, ನೀವು ಕೋಲನ್ನು ಹೊರಬೇಕಾಗುತ್ತದೆ ಎಂದೆ. ಕೊನೆಗೆ ಗಟ್ಟಿ ಬಿದಿರಿನ ಒಂದು ಗಳವನ್ನು ಕಲ್ಲಿಗೆ ಕುಟ್ಟಿ ಕೇಳಿಸಿದೆ. ಸೀಳಿದ್ದರೆ ಒಡಕು ದನಿ ಬರುತ್ತದೆ. ಇದು ಟಣ್ ಅಂದಿತು. ನೆಲಕ್ಕೆ ಊರಿ ಹಿಡಿದಾಗ ಮೊಣಕೈ ಗೋಡೆಯ ಮೂಲೆಯ ಹಾಗೆ ಮಡಚಿರಬೇಕು, ಅದು ಹತ್ತುವುದಕ್ಕೆ ಸರಿಯಾದ ಉದ್ದ. ಇಳಿಯುವಾಗ ಒಂದು ಗೇಣು ಹೆಚ್ಚು ಬೇಕು. ಕೋಲಿನ ತಳಕ್ಕೆ ಕಬ್ಬಿಣದ ಬಳೆ ಹಾಕು ಎಂದರು. ಬಂಡೆಯ ಮೇಲೆ ಕಬ್ಬಿಣ ಜಾರುತ್ತದೆ, ಲಾರಿ ಟೈರಿನ ತುಂಡು ಹೊಡೆಯುತ್ತೇನೆ ಎಂದೆ. ಒಪ್ಪಿದರು.

"ಯಾವ ಕಾಲಣ್ಣಾ ನೋವು? ನೋವಿರೋ ಕಾಲಿಗೆ ಎದುರು ಕೈಲಿ ಹಿಡೀಬೇಕು."

ಒಂದು ಗಳಿಗೆ ಯೋಚನೆ ಮಾಡಿದರು. "ಬಲಗಾಲು," ಅಂದರು.

ಆಮೇಲೆ ದನಿ ತಗ್ಗಿಸಿದರು. "ಇದರ ತಲೆ ಮೇಲೆ ಕ್ಯಾಮೆರಾ ಕೂರೋ ಹಾಗೆ ಮಾಡಕ್ಕಾಗುತ್ತಾ? ಸ್ಟುಡಿಯೋದ ಮೂರುಕಾಲು ಸ್ಟ್ಯಾಂಡು ಹೊತ್ಕೊಂಡು ಬೆಟ್ಟ ಹತ್ತಕ್ಕಾಗಲ್ಲ."

ಮೊಣಕೈವರೆಗಿನ ಕೋಲಿನ ಮೇಲೆ ಕ್ಯಾಮೆರಾ ಇಟ್ಟರೆ ಕಣ್ಣಿಗೆ ಎಟಕುವುದಿಲ್ಲ. ಆದರೆ ಎತ್ತರದ ಮರಗಳಿಗೆ ನಾನು ಕಟ್ಟುತ್ತಿದ್ದ ದೋಟಿಯಲ್ಲಿ ಎರಡು ಗಳ ಇರುತ್ತಿದ್ದವು. ದಪ್ಪದರೊಳಗೆ ಸಣ್ಣದು ಇಳಿಯುತ್ತದೆ, ಬೇಕಾದಷ್ಟು ಎಳೆದು ಅಡ್ಡ ಮೊಳೆ ಸಿಕ್ಕಿಸಿದರೆ ನಿಲ್ಲುತ್ತದೆ. ಹಾಗೇ ಮಾಡೋಣ ಎಂದೆ. ಹೊರಗಿನ ಗಳ ಪೊಳ್ಳು ಬಿದಿರಿನದು, ಒಳಗಿನ ಗಳ ನಾನು ಕುಟ್ಟಿ ತೋರಿಸಿದ ಗಟ್ಟಿಯದು. ಅದರ ತಲೆಗೊಂದು ಬೋಲ್ಟು.

ಅಳತೆಗೆ ಅಂತ ಅವರು ಕ್ಯಾಮೆರಾದ ಚರ್ಮದ ಚೀಲದ ತಳದ ತಿರುಪನ್ನು ಬಿಚ್ಚಿ ಕೊಟ್ಟರು. "ಇದರ ಮರಿ ಆಗಬೇಕು ಕಣೋ. ಕಾಲಿಂಚು."

ನಾನು ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ ಕಿಟಕಿಯ ಮೇಲಿಟ್ಟೆ. ಡಬ್ಬಿಯಿಂದ ಒಂದು ಬೋಲ್ಟು ತೆಗೆದು ಕೂರಿಸಿದೆ. ಕ್ಯಾಮೆರಾಕ್ಕೆ ತಿರುಗಿಸಿದರೆ ಎರಡು ಸುತ್ತಿಗೇ ಬಿಗಿಯಾಗಿ ಕಚ್ಚಿಕೊಂಡಿತು. "ಹೇಗೆ?" ಎಂದೆ. "ಭೇಷ್," ಎಂದರು.

ಆ ಕೋಲು ಹಿಡಿದು ಅವರು ಪೇಟೆಯಲ್ಲೆಲ್ಲ ಓಡಾಡಿದರು, ಮದುವೆಮನೆಗೂ ಒಯ್ದರು. ಆದರೆ ಕುಂಟುವುದು ಅವರಿಗೆ ಬರುತ್ತಿರಲಿಲ್ಲ. ಒಂದು ದಿನ ಬಲಗಾಲು ಎಳೆದರೆ ಮಾರನೇ ದಿನ ಎಡಗಾಲು. ಟೀ ಅಂಗಡಿಯವನು ಬಿಡುತ್ತಾನೆಯೇ?

"ಏನ್ ಸ್ಟುಡಿಯೋ ಅಣ್ಣಾ, ಇವತ್ತು ಯಾವ ಕಾಲಿಗೆ ಡ್ಯೂಟಿ?"

"ನಿನ್ನ ಟೀ ಕುಡಿದ ಮೇಲೆ ಎರಡಕ್ಕೂ ಬರುತ್ತೆ ಕಣೋ. ಅರ್ಧ ಗ್ಲಾಸು ಕೊಡು."

ಅವರು ಯಾವಾಗಲೂ ಅರ್ಧ ಗ್ಲಾಸೇ ಕೇಳುತ್ತಿದ್ದರು. ಜಿಪುಣತನ ಎಂದು ನಗುತ್ತಿದ್ದೆವು.

ನನಗೆ ವಿಷಯ ಗೊತ್ತಾದದ್ದು ಆವನಿ ಬೆಟ್ಟದ ಮೇಲೆ. ನನ್ನ ಕೆಲಸ ಹೇಗೆ ನಡೆಯುತ್ತದೆ ನೋಡಬೇಕೆಂದು ಒಂದು ಸೋಮವಾರ ಅವರ ಜೊತೆ ಹೋಗಿದ್ದೆ. ಬೆಟ್ಟ ಹತ್ತುವಾಗ ಅವರು ಕುಂಟಲೇ ಇಲ್ಲ. ನನಗಿಂತ ಮುಂದಿದ್ದರು. ಮೇಲೆ ಒಂದು ಬಂಡೆಯೆದುರು ಕೋಲು ಎಳೆದು ಮೊಳೆ ಸಿಕ್ಕಿಸಿ, ಕ್ಯಾಮೆರಾ ತಿರುಗಿಸಿ ಕೂರಿಸಿ, ಕಣ್ಣಿಟ್ಟರು. ಸ್ಟುಡಿಯೋದಲ್ಲಿ ಗಿರಾಕಿಗಳಿಗೆ ಅವರು ಹೇಳುತ್ತಿದ್ದ ಮಾತು ಒಂದೇ: "ಕದಲೊದ್ದು!" ಅಲ್ಲಾಡಬೇಡಿ ಅಂತ, ತೆಲುಗಿನಲ್ಲಿ. ಕನ್ನಡದವರಿಗೂ ಅದನ್ನೇ ಹೇಳುತ್ತಿದ್ದರು. ಇಲ್ಲಿ ಎದುರಿಗೆ ಇದ್ದದ್ದು ಬಂಡೆ. ಆದರೂ ಮೆಲ್ಲಗೆ "ಕದಲೊದ್ದು, ಕದಲೊದ್ದು" ಎನ್ನುತ್ತಿದ್ದರು. ನೋಡಿದೆ. ಮಾತು ಅವರ ಬಲಗೈಗೆ. ಮಡಚಿಟ್ಟ ಹೆಬ್ಬೆರಳು ಹೊರಗೆ ಬಂದಿತ್ತು, ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು.

ನಾನು ನೋಡಿದ್ದು ಅವರಿಗೆ ತಿಳಿಯಿತು.

"ಎರಡು ವರ್ಷ ಆಯ್ತು," ಎಂದರು. "ಸ್ಟುಡಿಯೋ ಒಳಗೆ ಸ್ಟ್ಯಾಂಡಿದೆ, ನಡೆಯುತ್ತೆ. ಹೊರಗೆ ಕೈಲಿ ಹಿಡಿದು ತೆಗೆದರೆ ಎಲ್ಲ ಮಸುಕು. ಕೈ ನಡುಗೋನ ಹತ್ರ ಫೋಟೋ ಯಾರು ತೆಗೆಸ್ತಾರೆ ಹೇಳು? ಕೋಲಿದ್ರೆ ಕಾಲು ಅಂತಾರೆ. ಕಾಲು ಹೋದ್ರೆ ಹೋಗ್ಲಿ." ಮನೆಯವರಿಗೂ ಹೇಳಿರಲಿಲ್ಲವಂತೆ. ಟೀ ಅರ್ಧ ಗ್ಲಾಸೇ ಕೇಳುತ್ತಿದ್ದದ್ದು ಯಾಕೆಂದು ಆಗ ಹೊಳೆಯಿತು, ತುಂಬಿದ್ದರೆ ಚೆಲ್ಲುತ್ತದೆ. ಈ ಕೋಲಿನಿಂದ ಇವತ್ತು ಸ್ಪಷ್ಟವಾಗಿ ಬಂದರೆ ಮುಂದುವರಿಯುವುದು, ಇಲ್ಲದಿದ್ದರೆ ಸ್ಟುಡಿಯೋ ಬಾಮೈದನ ಕೈಗೆ ಬಿಡುವುದು ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದರು.

ಮತ್ತೆ ಕಣ್ಣಿಟ್ಟು, ಕೋಲನ್ನು ಸ್ವಲ್ಪ ಓರೆ ಮಾಡಿದರು. ಕ್ಯಾಮೆರಾ ಕಳಚಿ ಬಂಡೆಯ ಮೇಲೆ ಬಿತ್ತು. ಎರಡು ಸಲ ಪುಟಿದು ನಿಂತಿತು. ಮುಂದಿನ ಗಾಜು ಸೀಳಿತ್ತು.

ಅವರು ಕ್ಯಾಮೆರಾ ನೋಡಲಿಲ್ಲ, ತಮ್ಮ ಕೈ ನೋಡಿದರು. "ತಿರುಪನ್ನೂ ನೆಟ್ಟಗೆ ಬಿಗಿಯಲಾರದ ಕೈ," ಎಂದರು.

ಊರಿಗೆ ಬಂದು ನಾನು ಶೆಡ್ಡಿನ ಕಿಟಕಿಯ ಮೇಲಿದ್ದ ತಿರುಪು ತೆಗೆದು ಕೋಲಿನಿಂದ ಬಿಚ್ಚಿದ ಬೋಲ್ಟಿನ ಪಕ್ಕ ಹಿಡಿದೆ. ಆಗ ಅಂಗಡಿಗಳಲ್ಲಿ ಇಂಚಿನ ಬೋಲ್ಟು, ಮಿಲಿಮೀಟರಿನ ಬೋಲ್ಟು ಎರಡೂ ಬರುತ್ತಿದ್ದವು. ನಾನು ಎರಡನ್ನೂ ಒಂದೇ ಡಬ್ಬಿಗೆ ಸುರಿದಿಟ್ಟಿದ್ದೆ. ಅವರದು ಕಾಲಿಂಚು, ನಾನು ಕೂರಿಸಿದ್ದು ಆರು ಮಿಲಿಮೀಟರಿನದು. ನೋಡಲು ಅಣ್ಣತಮ್ಮಂದಿರ ಹಾಗೆ, ಮರೆ, ಅಂದರೆ ತಿರುಪಿನ ಸುತ್ತುಗೆರೆ, ಬೇರೆ. ಎರಡು ಸುತ್ತು ಕಚ್ಚಿದ್ದು ಬಿಗಿಯಿಂದಲ್ಲ, ಮರೆಗೆ ಮರೆ ಹೊಂದದೆ. ಅವರ ಕೈಯದು ಏನೂ ತಪ್ಪಿರಲಿಲ್ಲ.

ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮೂರು ವಾರ ಹೇಳಲಿಲ್ಲ. ಕಣ್ಣಳತೆ ತಪ್ಪಿತು ಎಂದು ಒಬ್ಬರ ಮುಂದೆಯೂ ನಾನು ಅಲ್ಲಿಯವರೆಗೆ ಅಂದಿರಲಿಲ್ಲ. ಅವರು ಟೀ ಅಂಗಡಿಗೆ ಬರುವುದನ್ನು ಬಿಟ್ಟರು. ಟೀ ಅಂಗಡಿಯವನೇ ಒಂದು ದಿನ ಹೇಳಿದ: "ಸ್ಟುಡಿಯೋ ಬಾಮೈದನ್ಗಂತೆ ಕಣಣ್ಣಾ. ಇವ್ರಿಗೆ ಕಾಲು ಪೂರಾ ಹೋಯ್ತಂತೆ."

ಎದ್ದು ಹೋದೆ. ಸ್ಟುಡಿಯೋದಲ್ಲಿ ಕ್ಯಾಲನೂರಿನ ಒಂದು ಸಂಸಾರ ಸಾಲಾಗಿ ಕೂತಿತ್ತು. ಬಾಮೈದ ಕ್ಯಾಮೆರಾ ಹಿಂದೆ. ಅವರು ಮೂಲೆಯ ಸ್ಟೂಲಿನ ಮೇಲೆ, ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ಬೋಲ್ಟು, ತಿರುಪು ಎರಡನ್ನೂ ಅವರ ಎಡಗೈಯಲ್ಲಿ ಇಟ್ಟೆ.

"ತಪ್ಪು ನಂದಣ್ಣಾ. ಬೋಲ್ಟು ಬೇರೆ ಹಾಕ್ಬಿಟ್ಟಿದ್ದೆ. ಯಾರ ಕೈಲಿ ಬಿಗಿದಿದ್ರೂ ಬೀಳ್ತಿತ್ತು."

ಬೈಯುತ್ತಾರೆ ಎಂದು ನಿಂತಿದ್ದೆ. ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು.

"ಇನ್ನೊಂದ್ಸಲ ಹೇಳು."

"ತಪ್ಪು ನಂದು."

"ಅದಲ್ಲಯ್ಯಾ. ಆಮೇಲಿಂದು."

"ಯಾರ ಕೈಲಿ ಬಿಗಿದಿದ್ರೂ ಬೀಳ್ತಿತ್ತು."

"ಏಮಯ್ಯಾ ನೀನು! ಮೂರು ವಾರದಿಂದ ಎಲ್ಲಿ ಸತ್ತಿದ್ದೆ?" ಎಂದು ಎದ್ದರು. ಮುಖದಲ್ಲಿ ಕೋಪವೇ ಇರಲಿಲ್ಲ. ಬಾಮೈದನನ್ನು ಪಕ್ಕಕ್ಕೆ ಸರಿಸಿ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರು. ಒಳಗಿನಿಂದ "ಕದಲೊದ್ದು!" ಎಂದು ಕೂಗಿದ್ದಕ್ಕೆ ಆ ಸಂಸಾರದ ಜೊತೆ ನಾನೂ ಉಸಿರು ಹಿಡಿದು ನಿಂತೆ.

ಕ್ಯಾಮೆರಾವನ್ನು ಬೆಂಗಳೂರಿಗೆ ರಿಪೇರಿಗೆ ಒಯ್ದು ತಂದವನು ನಾನೇ. ಅಲ್ಲೇ ಒಂದು ಅಳತೆಪಟ್ಟಿಯನ್ನೂ ಕೊಂಡೆ. ಬೋಲ್ಟುಗಳಿಗೆ ಎರಡು ಡಬ್ಬಿ ಮಾಡಿದೆ. ಹೊಸ ಕೋಲು ಕಟ್ಟುವಾಗ ಮೂರು ಸಲ ಅಳೆದೆ. ಆ ಕೋಲಿನ ಮೇಲೆ ಅವರು ತೆಗೆದ ಮೊದಲ ಫೋಟೋದಲ್ಲಿ ಆವನಿಯ ಅದೇ ಬಂಡೆ ಇದೆ, ಪಕ್ಕದಲ್ಲಿ ನಾನಿದ್ದೇನೆ. ಬಂಡೆಯ ಮೇಲಿನ ಇರುವೆ ಸಾಲು ಕೂಡ ಸ್ಪಷ್ಟವಾಗಿದೆ. ಮಸುಕಾಗಿರುವುದು ನಾನೊಬ್ಬನೇ, ಅಲ್ಲಾಡಿದ್ದೆ.

ಆಮೇಲೆ ಆರೇಳು ವರ್ಷ ಬೆಟ್ಟ ಹತ್ತಿದರು, ಮದುವೆ ಫೋಟೋ ತೆಗೆದರು, ತಪ್ಪು ತಪ್ಪಾಗಿ ಕುಂಟಿದರು. ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಜ್ವರ ಬಂದು ಹೋದರು. ಕೈಯ ವಿಷಯ ನಾನು ಯಾರಿಗೂ ಹೇಳಲಿಲ್ಲ. ಈಗ ಬರೆಯುತ್ತಿರುವುದು ಅವರೂ ಇಲ್ಲ, ಅವರ ಮನೆಯಾಕೆಯೂ ಇಲ್ಲ ಎಂದು.

ತಿಥಿ ಆದ ಮೇಲೆ ಆಕೆ ನನ್ನನ್ನು ಕರೆಸಿ ಕೋಲನ್ನು ಕೈಗಿಟ್ಟರು. "ನೀನು ಮಾಡಿದ್ದು, ನಿನ್ ಹತ್ರಾನೇ ಇರ್ಲಿ," ಎಂದರು. ಆಮೇಲೆ ಕೇಳಿದರು: "ಯಾವ ಕಾಲಪ್ಪಾ ಅವರಿಗೆ ನೋವಿದ್ದಿದ್ದು?"

"ಬಲಗಾಲಮ್ಮಾ," ಎಂದೆ.

"ಹೌದಾ," ಎಂದರು. "ನಂಗೆ ಎಡಗಾಲು ಅಂದಿದ್ರು."

ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಎಷ್ಟೋ ವರ್ಷದ ರೂಢಿ ಇರಬೇಕು, ಲೋಟದಲ್ಲಿ ಅರ್ಧವೇ ಇತ್ತು.