ಮಿಲ್ಟ್ರಿ ಮಾವ ಹಾಕದ ಸಹಿಗಳು

ಹೋದ ವಾರ ಜೆರಾಕ್ಸ್ ಮಾಡಿಸಲು ನನ್ನ ಅಂಗಡಿಗೆ ಬಂದ ಹೆಂಗಸೊಬ್ಬಳು ತನ್ನ ಚೀಲ ಬಿಚ್ಚಿದಳು. ಹಳೆಯ ಕಾಗದಗಳ ನಡುವಿನಿಂದ ನುಸಿಗುಳಿಗೆಯ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ನನ್ನ ಕೈ ಯಂತ್ರದ ಮೇಲೆಯೇ ನಿಂತಿತು. ಉಳಿದವರಿಗೆ ಅದು ಟ್ರಂಕಿನ ವಾಸನೆ, ಮಡಿಸಿಟ್ಟ ರೇಷ್ಮೆ ಸೀರೆಯ ವಾಸನೆ. ನನಗೆ ಅದು ಮಿಲ್ಟ್ರಿ ಮಾವನ ಹಸಿರು ಕ್ಯಾನ್ವಾಸ್ ಚೀಲದ ವಾಸನೆ. ಅದು ಮೂಗಿಗೆ ಬಿದ್ದರೆ ಈಗಲೂ ನನಗೆ ಮೊದಲು ಬರುವುದು ಅಳುವಲ್ಲ, ಸಿಟ್ಟು.

ಮಿಲ್ಟ್ರಿ ಮಾವ ನನಗೆ ರಕ್ತಸಂಬಂಧಿಯೇನಲ್ಲ. ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯವರು, ನಡುವೆ ಒಂದೇ ಗೋಡೆ. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತಿಯಾಗಿ ಬಂದಿದ್ದರು. ನಾನು ಮದುವೆಯಾಗಿ ಈ ಓಣಿಗೆ ಬಂದ ಹೊಸತರಲ್ಲಿ ಅವರ ಹೆಂಡತಿಯನ್ನು ಅತ್ತೆ ಎಂದು ಕರೆದೆ, ಅವರು ತಾವಾಗಿ ಮಾವನಾದರು. ಬೆಳಿಗ್ಗೆ ಎದ್ದು ಅಂಗಳ ಗುಡಿಸುವ ಗಂಡಸು ಓಣಿಯಲ್ಲಿ ಅವರೊಬ್ಬರೇ. ಹೆಂಡತಿ ಕೈಗೆ ಕಸಬರಿಗೆ ಕೊಡದ ಗಂಡ ಎಂದು ಜನ ನಕ್ಕರೆ, ಕಸಬರಿಗೆಯನ್ನು ಎಡಗೈಗೆ ಬದಲಿಸಿ ಬಲಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದರು. ಕಾಗದಕ್ಕೆ ಹುಳ ಬೀಳಬಾರದೆಂದು ಆ ಚೀಲದ ಮೂಲೆಮೂಲೆಗೂ ನುಸಿಗುಳಿಗೆ ಹಾಕಿರುತ್ತಿದ್ದರು. ಚೀಲದ ತುಂಬ ಅರ್ಜಿಗಳು.

ಆ ಅರ್ಜಿಗಳನ್ನು ಟೈಪ್ ಮಾಡಿದವಳು ನಾನು. ನಿವೃತ್ತ ಸೈನಿಕರಿಗೂ ಅವರ ಹೆಂಡಂದಿರಿಗೂ ಬದುಕಿರುವ ತನಕ ಚಿಕಿತ್ಸೆ, ಔಷಧಿ ಎಂದು ಕಾರ್ಡು ಕೊಟ್ಟಿದ್ದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಚಿಕಿತ್ಸಾಲಯ ಇದ್ದದ್ದು ಎರಡು ಬಸ್ಸು ಬದಲಿಸಿ ಹೋಗಬೇಕಾದ ದೊಡ್ಡ ಊರಿನಲ್ಲಿ. ಮಾವ ಅರ್ಜಿಯ ಮೇಲೆ ಅರ್ಜಿ ಹಾಕಿ, ಕಚೇರಿಯ ಮೆಟ್ಟಿಲು ಸವೆಸಿ, ಕಡೆಗೆ ತಿಂಗಳಿಗೆರಡು ಸಲ ಔಷಧಿಯ ವ್ಯಾನು ಕೊಟ್ಟೂರಿಗೆ ಬರುವಂತೆ ಮಾಡಿದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯವರಿಗೂ ಇದು ನಡುವಿನ ಊರು. ಮೊದಲ ಸಲ ವ್ಯಾನು ಸಂತೆ ಬಯಲಿಗೆ ಬಂದು ನಿಂತಾಗ ಮಾವ ಅದರ ಸುತ್ತ ಒಂದು ಸುತ್ತು ಹಾಕಿ, ಹೊಸ ಎತ್ತು ಕೊಂಡವರಂತೆ ಅದರ ಬೆನ್ನು ಸವರಿದರು.

ನಮ್ಮ ಕಡೆ ಒಬ್ಬರು ಪೇಟೆಗೆ ಹೊರಟರೆ ಓಣಿಯವರ ಚೀಟಿಗಳೆಲ್ಲ ಅವರ ಜೇಬಿನಲ್ಲಿರುತ್ತವೆ. ಎಲ್ಲರೂ ಹೋಗುವುದೇಕೆ, ಹೆಂಗೂ ಒಬ್ಬರು ಹೊಂಟಾರಲ್ಲ ಎನ್ನುವುದು ರೂಢಿ. ವ್ಯಾನಿಗೂ ಅದೇ ರೂಢಿಯಾಯಿತು. ಮಂಡಿ ಹಿಡಿದವರು, ಕಣ್ಣು ಮಂಜಾದವರು, ಗಂಡ ತೀರಿಕೊಂಡ ಮುದುಕಿಯರು ತಮ್ಮ ಔಷಧಿ ಪುಸ್ತಕಗಳನ್ನು ಕರವಸ್ತ್ರದಲ್ಲಿ ಸುತ್ತಿ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನನ್ನ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇದ್ದುದರಿಂದ ಕಂಡಕ್ಟರುಗಳು ಅವನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟು ಹೋಗುವರು. ಮಾವ ಬಂದು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ವ್ಯಾನಿಗೆ ಹೋಗಿ, ಡಾಕ್ಟರಿಗೆ ಒಂದೊಂದೇ ಪುಸ್ತಕ ತೋರಿಸಿ, ಯಾರಿಗೆ ಕೆಮ್ಮು ಹೆಚ್ಚಾಗಿದೆ, ಯಾರಿಗೆ ಕಾಲು ಊದಿದೆ ಎಂದು ಹೇಳಿ ಗುಳಿಗೆ ತರುತ್ತಿದ್ದರು. ಸಂಜೆಯ ಬಸ್ಸುಗಳಲ್ಲಿ ಅವು ಊರೂರಿಗೆ ಹೋಗುತ್ತಿದ್ದವು. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಹೋದದ್ದು ನನಗೆ ನೆನಪಿಲ್ಲ.

ಹಲವಾಗಲು ಎಂಬ ಊರಿನಿಂದ ಬರುವ ಪುಸ್ತಕದ ಜೊತೆ ಮಾತ್ರ ಒಂದು ಸ್ಟೀಲ್ ಫ್ಲಾಸ್ಕ್ ಬರುತ್ತಿತ್ತು. ಅದು ಡ್ರೈವರ್ ಕಾಕಾನದು. ಮಾವನ ಜೊತೆ ಒಂದೇ ಪಲ್ಟನ್ನಿನಲ್ಲಿ ಲಾರಿ ಓಡಿಸಿದವರು. ಸಕ್ಕರೆ ಕಾಯಿಲೆ, ಜೊತೆಗೆ ಬಲಗಾಲಿನ ಹಿಮ್ಮಡಿಯಲ್ಲಿ ಮಾಯದ ಗಾಯ. ಇನ್ಸುಲಿನ್ ತಪ್ಪಬಾರದು, ತಪ್ಪಿದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಮಾವನಿಗೆ ಬಿಡಿಸಿ ಹೇಳಿದ್ದರು. ಮಾವ ಸೋಡಾ ಅಂಗಡಿಯಿಂದ ಐಸ್ ತಂದು ಫ್ಲಾಸ್ಕಿಗೆ ಹಾಕಿ, ಔಷಧಿಯ ಬಾಟಲಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಟ್ಟು, ಆ ಬಸ್ಸು ಹೊರಡುವ ತನಕ ಕಿಟಕಿಯ ಬಳಿಯೇ ನಿಂತಿರುತ್ತಿದ್ದರು. ಕಂಡಕ್ಟರಿಗೆ ಪ್ರತಿ ಸಲವೂ ಅದೇ ಮಾತು: "ಬಿಸ್ಲಿಗಿ ಇಡಬ್ಯಾಡಪ್ಪ, ಅದ್ರಾಗ ನಮ್ಮವನ ಕಾಲೈತಿ."

ವ್ಯಾನಿನಲ್ಲಿ ಒಂದು ಹಾಜರಿ ಪುಸ್ತಕವೂ ಇರುತ್ತಿತ್ತು. ಅದರಲ್ಲಿ ಬಂದವರು ಸಹಿ ಮಾಡಬೇಕು. ಎಲ್ಲರ ಹೆಸರಿನ ಮುಂದೂ ಏನಾದರೂ ಗೀಚಿಬಿಡಿ ಎಂದು ವ್ಯಾನಿನ ನರ್ಸಮ್ಮ ಎಷ್ಟೋ ಸಲ ಹೇಳಿದ್ದರಂತೆ. ಮಾವ ತಮ್ಮದೊಂದೇ ಸಹಿ ಹಾಕಿ ಬರುತ್ತಿದ್ದರು. ಯಾಕೆ ಎಂದು ನಾನೂ ಕೇಳಿದೆ.

"ನಾನೊಬ್ಬನ ಹೋಗಿರ್ತೀನಿ, ನಂದೊಂದ ಸಹಿ. ಇಲ್ಲದವ್ನ ಹಾಜರಿ ನಾ ಹೆಂಗ ಹಾಕ್ಲೆವ್ವ? ಪಲ್ಟನ್‌ದಾಗ ಅದು ದೊಡ್ಡ ತಪ್ಪು."

ಅವತ್ತು ನನಗೆ ಹೆಮ್ಮೆಯಾಗಿತ್ತು. ಇಂಥವರು ಎಲ್ಲಿ ಸಿಗುತ್ತಾರೆ ಎಂದು ರಾತ್ರಿ ಗಂಡನ ಮುಂದೆ ಹೇಳಿಕೊಂಡಿದ್ದೆ. ಈಗ ಅನಿಸುತ್ತದೆ, ನಾನು ಅವತ್ತೇ ಜಗಳ ತೆಗೆದು ಆ ಪೆನ್ನು ಕಿತ್ತುಕೊಂಡು ನಾನೇ ಗೀಚಬೇಕಿತ್ತು...

ಒಂದು ದಿನ ನೋಟಿಸು ಬಂತು. ಹಾಜರಾತಿ ತೀರಾ ಕಡಿಮೆ ಇರುವುದರಿಂದ ವ್ಯಾನನ್ನು ನಿಲ್ಲಿಸಲಾಗುವುದು ಎಂದು. ಅದೇ ವ್ಯಾನಿನ ಗುಳಿಗೆ ರಿಜಿಸ್ಟರಿನಲ್ಲಿ ಐದು ತಾಲ್ಲೂಕಿನ ಹೆಸರುಗಳಿದ್ದವು. ಆ ಪುಟ ತಿರುವಲು ಯಾರ ಬೆರಳಿಗೂ ಬಿಡುವಿರಲಿಲ್ಲ. ಕೆಲಸ ಮಾಡಲು ನೆಪ ಹುಡುಕುವ ಕಚೇರಿಯನ್ನು ನಾನು ನೋಡಿಲ್ಲ, ನಿಲ್ಲಿಸಲು ನೆಪ ಹುಡುಕುವ ಕಚೇರಿಯನ್ನು ಚೆನ್ನಾಗಿ ನೋಡಿದ್ದೇನೆ. ಮಾವ ಮಾತ್ರ ಸಿಟ್ಟಾಗಲಿಲ್ಲ. ನಿಲ್ಲಿಸುವ ಮುಂಚೆ ಒಬ್ಬ ಅಧಿಕಾರಿ ಬಂದು ನಮ್ಮನ್ನು ಕಣ್ಣಾರೆ ನೋಡಲಿ ಎಂದು ಅರ್ಜಿ ಬರೆಸಿದರು. ಬರುತ್ತೇವೆ ಎಂದು ಉತ್ತರವೂ ಬಂತು.

ಅಲ್ಲಿಂದ ಮಾವನಿಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ. ದಿನಕ್ಕೊಂದು ಬಸ್ಸು ಹತ್ತಿ ಊರೂರಿಗೆ ಹೋದರು. ಹೊಳಲಿನ ಮುದುಕಿಯೊಬ್ಬಳಿಗೆ ಹೇಳಿ ಬಂದದ್ದನ್ನು ನನಗೆ ಅಭಿನಯಿಸಿ ತೋರಿಸಿದ್ದರು: "ಈ ಸಲ ಪುಸ್ತಕ ಕಳಸಬ್ಯಾಡವ್ವ, ನೀನ ಬಾ. ನಮ್ಮನ್ನ ಎಣಸಾಕ ಬರ್ತಾರ."

ಬಂದರು ನೋಡಿ, ಎಲ್ಲರೂ ಬಂದರು. ಗೂಡ್ಸ್ ಆಟೋದಲ್ಲಿ ಕೌದಿ ಹಾಸಿಕೊಂಡು ಮಲಗಿ ಬಂದವರು, ಮಗಳ ಹೆಗಲು ಹಿಡಿದು ಬಂದವರು, ಹಳೆಯ ಕೋಟು ಇಸ್ತ್ರಿ ಮಾಡಿಸಿ ಪದಕ ಚುಚ್ಚಿಕೊಂಡು ಬಂದವರು. ಡ್ರೈವರ್ ಕಾಕಾ ಹಲವಾಗಲಿನ ಬಸ್ಸಿಳಿದು, ಬಟ್ಟೆ ಸುತ್ತಿದ ಕಾಲನ್ನು ಎಳೆಯುತ್ತ ಬಂದರು. "ಲೇ ಹವಾಲ್ದಾರ, ಪರೇಡ್ ಮಾಡ್ಸಾಕ ಕರಸಿದೇನ್ಲೇ?" ಎಂದು ಮಾವನನ್ನು ಕೇಳಿ ನಕ್ಕರು. ಸಂತೆ ಬಯಲಿನಲ್ಲಿ ಮಾವ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ನಿಲ್ಲಲಾಗದವರಿಗೆ ನಾನು ಅಂಗಡಿಯಿಂದ ಕುರ್ಚಿ, ಸ್ಟೂಲು, ಕಡೆಗೆ ಕಾಗದದ ಬಂಡಲುಗಳನ್ನೂ ತಂದು ಹಾಕಿದೆ.

ಅಧಿಕಾರಿ ಮಧ್ಯಾಹ್ನ ಬಂದ. ಅವನು ಕಾರಿನಿಂದ ಇಳಿದ ಕೂಡಲೇ ಆ ಮುದುಕರೆಲ್ಲ ಎದ್ದು ಸೆಲ್ಯೂಟ್ ಹೊಡೆದರು. ಅವನು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡ. ಸಾಲಿನ ತುದಿಯ ತನಕ ನಡೆದು ನೋಡಲೂ ಇಲ್ಲ.

"ಇಷ್ಟು ಜನ ಇಲ್ಲಿಯ ತನಕ ಬಂದಿದ್ದೀರಿ, ಸಂತೋಷ," ಎಂದ. "ಇಲ್ಲಿಗೆ ಬರುವ ಶಕ್ತಿ ಇದೆ ಅಂದಮೇಲೆ ಚಿಕಿತ್ಸಾಲಯಕ್ಕೇ ಬರಬಹುದಲ್ಲ? ಪ್ರತ್ಯೇಕ ವ್ಯಾನು ಯಾಕೆ ಬೇಕು?"

ಬಾರದಿದ್ದಾಗ ಬೇಕಾಗಿಲ್ಲ ಎಂದರು, ಬಂದಾಗ ಇನ್ನೂ ದೂರ ಬನ್ನಿ ಎನ್ನುತ್ತಾರೆ. ಡ್ರೈವರ್ ಕಾಕಾನ ಕಾಲಿನ ಬಟ್ಟೆ ಬಿಚ್ಚಿ ನೋಡ್ರಿ ಸ್ವಾಮಿ, ಎಂದು ನಾನು ಕೂಗಿಯೇಬಿಟ್ಟೆ. ಮಾವ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದರು. "ಸುಮ್ನಿರವ್ವ, ಸಾಹೇಬ್ರು ಅದಾರ." ಅವನ ಮೇಲೆ ಬಂದಷ್ಟೇ ಸಿಟ್ಟು ಆ ಕ್ಷಣ ನನಗೆ ಮಾವನ ಮೇಲೂ ಬಂತು. ಕಾರು ಹೋಯಿತು. ಮುಂದಿನ ತಿಂಗಳಿನಿಂದ ವ್ಯಾನು ಬರಲಿಲ್ಲ.

ಮಾವ ಚೀಲ ಹಿಡಿದು ದೊಡ್ಡ ಊರಿಗೇ ಹೋದರು. ಕಾರ್ಡಿನಲ್ಲಿರುವವರೇ ಬಂದು ಹೆಬ್ಬೆರಳು ಒತ್ತಬೇಕು ಎಂದು ಅಲ್ಲಿ ಪುಸ್ತಕಗಳನ್ನು ಹಾಗೇ ವಾಪಸು ಕೊಟ್ಟರು. ಆಮೇಲೆ ಡ್ರೈವರ್ ಕಾಕಾನನ್ನು ತಾವೇ ಕರೆದುಕೊಂಡು ಹೋಗತೊಡಗಿದರು. ಬಸ್ಸಿನ ಮೆಟ್ಟಿಲಿಗೆ ಅವರನ್ನು ಹಿಂದಿನಿಂದ ಎತ್ತಿ ಹತ್ತಿಸುವುದು, ನಿಂತು ಪ್ರಯಾಣ, ಸಂಜೆ ಮುಖ ಕಪ್ಪಿಟ್ಟುಕೊಂಡು ಬರುವುದು... ಎರಡೋ ಮೂರೋ ಸಲ ಹೋದರು. ಆಮೇಲೆ ಕಾಕಾ, ಈ ತಿಂಗಳು ಬೇಡ, ಇನ್ನೂ ಔಷಧಿ ಉಳಿದಿದೆ ಎಂದು ಹೇಳಿ ಕಳಿಸತೊಡಗಿದರು. ಅದು ಹೇಗೆ ಉಳಿಯುತ್ತಿತ್ತು ಎನ್ನುವುದು ತಡವಾಗಿ ತಿಳಿಯಿತು. ಪ್ರಯಾಣ ತಪ್ಪಿಸಿಕೊಳ್ಳಲು ಅವರು ಇನ್ಸುಲಿನ್ನನ್ನು ಅರ್ಧರ್ಧ ಮಾಡಿ ಚುಚ್ಚಿಕೊಳ್ಳುತ್ತಿದ್ದರು.

ಗಾಯ ಕಪ್ಪಾಗಿ ಮೇಲಕ್ಕೇರಿದ ಮೇಲೆ ಕಾರ್ಡು ನಡೆಯುವ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದರು. ಸರ್ಕಾರದಿಂದ ನಮಗೆ ಬರಬೇಕಾದದ್ದು ಬಂದಿಲ್ಲ, ಸದ್ಯಕ್ಕೆ ಈ ಕಾರ್ಡಿನವರನ್ನು ಸೇರಿಸಿಕೊಳ್ಳುತ್ತಿಲ್ಲ ಎಂದರು ಅಲ್ಲಿ. ಇನ್ನೊಂದು ಕಡೆ ಹಾಸಿಗೆ ಇಲ್ಲ ಎಂದರು. ಕಡೆಗೆ ಸಿಕ್ಕ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಹಿಮ ಬೀಳುವ ಘಟ್ಟದಲ್ಲಿ ಲಾರಿಯ ಬ್ರೇಕು ಒತ್ತಿ ಇಪ್ಪತ್ತು ಜನರನ್ನು ಉಳಿಸಿದ್ದ ಕಾಲಂತೆ ಅದು. ಈ ದೇಶಕ್ಕೆ ಅದನ್ನು ಉಳಿಸಲು ತಿಂಗಳಿಗೆರಡು ಸಲ ಒಂದು ವ್ಯಾನು ಕಳಿಸಲು ಆಗಲಿಲ್ಲ.

ಕಾಕಾ ಮಾವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತೇನೋ... ಮಾವ ತಮ್ಮಷ್ಟಕ್ಕೆ ತಾವೇ ಅಂದುಕೊಳ್ಳತೊಡಗಿದರು. ಊಟಕ್ಕೆ ಕೂತವರು ಕೈ ನಿಲ್ಲಿಸಿ, "ನಾ ಸಹಿ ಹಾಕಿದ್ರ ಅವನ ಕಾಲು ಉಳೀತಿತ್ತು" ಎನ್ನುತ್ತಾರೆ ಎಂದು ಅತ್ತೆ ಬಂದು ಕಣ್ಣೀರು ಹಾಕಿದರು. ಒಂದು ಮಧ್ಯಾಹ್ನ ಮಾವ ಅಂಗಡಿಗೆ ಬಂದು ನನ್ನೆದುರು ಕೂತರು.

"ಒಂದು ಅರ್ಜಿ ಬರಿಯವ್ವ. ಹಾಜರಿ ಹಾಕದ ತಪ್ಪು ನಂದು, ಉಳಿದವ್ರದಲ್ಲ. ನನ್ನ ಕಾರ್ಡು ಬೇಕಾರ ಕಿತ್ಕೊಳ್ರಿ, ಅವ್ರಿಗಿ ವ್ಯಾನು ಕಳಸ್ರಿ, ಅಂತ ಬರಿ."

"ನಾ ಬರಿಯಂಗಿಲ್ರಿ ಮಾವ," ಎಂದೆ. "ಕಳ್ಳರು ಅಲ್ಲಿ ಫ್ಯಾನಿನ ಕೆಳಗ ಕುಂತಾರ. ಅವ್ರು ಹೆಗಲು ಮುಟ್ಟಿ ನೋಡ್ಕೊಳಂಗಿಲ್ಲ, ನೀವ್ಯಾಕ ನೋಡ್ಕೊಂತೀರಿ?"

ದನಿ ಏರಿತ್ತು. ಜೆರಾಕ್ಸಿಗೆ ನಿಂತ ಗಿರಾಕಿಗಳೂ ತಿರುಗಿ ನೋಡಿದರು. ನೀವು ನಿಯತ್ತಾಗಿದ್ದದ್ದೇ ಎಲ್ಲರಿಗೂ ಕುತ್ತಾಯಿತು ಎಂಬ ಮಾತೂ ನನ್ನ ಬಾಯಿಂದ ಬಂದುಹೋಯಿತು. ಕಾಲಿನ ಸುದ್ದಿ ಕೇಳಿದಾಗಿನಿಂದ ಒಳಗೆ ಕುದಿಯುತ್ತಿದ್ದ ಸಿಟ್ಟು ಕಚೇರಿಯ ಮೇಲೆ ಬೀಳಬೇಕಾದದ್ದು ಅವರ ಮೇಲೆ ಬಿತ್ತು. ಮಾವ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. "ನೀ ಛಲೋ ಬರೀತಿ ಅಂತ ಬಂದಿದ್ನೆವ್ವ," ಎಂದಷ್ಟೇ ಅಂದು ಹೋದರು.

ಸಿಟ್ಟು ಇಳಿದ ಮೇಲೆ ಮಾತಾಡಿಸಿದರಾಯಿತು ಎಂದುಕೊಂಡೆ. ನಡುವೆ ಒಂದೇ ಗೋಡೆ, ಎಲ್ಲಿ ಹೋಗುತ್ತಾರೆ ಎಂದುಕೊಂಡೆ. ತಿಂಗಳು ತುಂಬುವುದರೊಳಗೆ ಒಂದು ಬೆಳಿಗ್ಗೆ ಅಂಗಳದಲ್ಲೇ ಕುಸಿದರು. ನಾವು ಓಡಿ ಹೋಗುವಷ್ಟರಲ್ಲಿ ಮುಗಿದಿತ್ತು. ಡ್ರೈವರ್ ಕಾಕಾ ಹಲವಾಗಲಿನಿಂದ ಬಂದು, ಊರುಗೋಲು ಕೆಳಗಿಟ್ಟು, ನೆಲದ ಮೇಲೆ ತೆವಳಿಕೊಂಡೇ ಹೆಣದ ಹತ್ತಿರ ಹೋಗಿ ಮಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಇದೆಲ್ಲ ಆಗಿ ವರ್ಷ ದಾಟಿದೆ. ವ್ಯಾನು ಬಂದಿಲ್ಲ. ಹೊಳಲಿನ ಮುದುಕಿ ಬಿ.ಪಿ. ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಾಳೆ. ಈಗ ಅರ್ಜಿಗಳು ಡ್ರೈವರ್ ಕಾಕಾನ ಹೆಸರಿನಲ್ಲಿ ಹೋಗುತ್ತವೆ. ನಾನು ಟೈಪ್ ಮಾಡುತ್ತೇನೆ, ಬೆರಳು ನೋಯುವಷ್ಟು ಜೋರಾಗಿ ಕೀಲಿಗಳನ್ನು ಕುಟ್ಟುತ್ತೇನೆ.

ನಾನು ಬರೆಯಲೊಪ್ಪದ ಆ ಅರ್ಜಿಯನ್ನು ಮಾವ ತಾವೇ ಕೈಯಲ್ಲಿ ಬರೆದು ಕಳಿಸಿದ್ದರು ಎನ್ನುವುದು ನನಗೆ ಗೊತ್ತಾದದ್ದು ಹೋದ ತಿಂಗಳು. ಅತ್ತೆ ಒಂದು ಲಕೋಟೆ ಹಿಡಿದುಕೊಂಡು ಬಂದರು. ಮಾವನ ಹೆಸರಿಗೆ ಬಂದ ಇಂಗ್ಲಿಷ್ ಪತ್ರ. ಅತ್ತೆಗೆ ಓದಲು ಬರುವುದಿಲ್ಲ. ನಾನು ನಿಂತುಕೊಂಡೇ ಓದಿದೆ. ಹಾಜರಾತಿ ಕಡಿಮೆಯಾದದ್ದು ತಮ್ಮದೇ ತಪ್ಪಿನಿಂದ ಎಂದು ಅರ್ಜಿದಾರರು ಸ್ವತಃ ಒಪ್ಪಿಕೊಂಡಿರುವುದರಿಂದ ಇಲಾಖೆಯ ಕಡೆಯಿಂದ ಯಾವ ಲೋಪವೂ ಆಗಿಲ್ಲ, ಕಡತವನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಕೆಳಗೆ ಮೊಹರು, ಸಹಿ.

"ಏನ್ ಬರದಾರವ್ವ? ವ್ಯಾನು ಬರ್ತೈತಂತೇನು?"

"ಇಲ್ರಿ ಅತ್ತಿ. ಬರಂಗಿಲ್ಲಂತ."

ಅತ್ತೆ ಖಾಲಿ ಲಕೋಟೆಯನ್ನು ತಿರುಗಿಸಿ ನೋಡಿದರು. "ಇವ್ರು ಕಡೀತನಕ ತಪ್ಪು ನಂದಾ ಅಂತ ಕೊರಗಿ ಹ್ವಾದ್ರು. ಅದರ ಸುದ್ದಿ ಏನರ ಐತೇನು?"

ನಾನು ಪತ್ರವನ್ನು ಮಡಿಸಿದೆ. "ಐತ್ರಿ. ಮಾವಂದು ಏನೂ ತಪ್ಪಿಲ್ಲಂತ ಬರದಾರ."

ಅತ್ತೆ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಮನೆಗೆ ಹೋಗಿ ಮಾವನ ಫೋಟೋದ ಮುಂದೆ ಇಟ್ಟು, ಮೊಹರಿನ ಮೇಲೆ ಕುಂಕುಮ ಹಚ್ಚಿದರು. ಈಗಲೂ ಅಲ್ಲೇ ಇದೆ. ದಿನಾ ಅದಕ್ಕೊಂದು ಹೂವು ಏರಿಸುತ್ತಾರೆ.