ಉಪ್ಪುಮೂಟೆ ವ್ಯಾಪಾರ

ಈಚೆಗೆ ನನಗೆ ನೆಲ ಬಹಳ ದೂರವಾಗಿಬಿಟ್ಟಿದೆ. ಬಿದ್ದ ಪೆನ್ನು, ಉರುಳಿದ ಈರುಳ್ಳಿ, ಟಿ.ವಿ. ರಿಮೋಟು ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುವುದಿಲ್ಲ. ಬೆನ್ನುಮೂಳೆಯ ಆಪರೇಷನ್ ಮಾಡಿದ ಡಾಕ್ಟರು ಬಗ್ಗಬೇಡಿ, ಸೊಂಟ ತಿರುಗಿಸಬೇಡಿ, ಭಾರ ಎತ್ತಬೇಡಿ ಎಂದು ಹೇಳಿ ಮನೆಗೆ ಕಳಿಸಿದರು. ಇಷ್ಟನ್ನೂ ಬಿಟ್ಟರೆ ಮೂರು ವರ್ಷದ ಮಗುವಿನ ಅಪ್ಪನಿಗೆ ಉಳಿಯುವ ಕೆಲಸ ಯಾವುದು ಎಂದು ಅವರೂ ಹೇಳಲಿಲ್ಲ, ಅರ್ಧ ಮತ್ತಿನಲ್ಲಿದ್ದ ನಾನೂ ಕೇಳಲಿಲ್ಲ.

ಚೆನ್ನೈಯ ಪೋರೂರಿನ ನಮ್ಮ ಫ್ಲ್ಯಾಟಿನಿಂದ ಹೆಂಡತಿ ಸುಮಾ ಬೆಳಗ್ಗೆ ನುಂಗಂಬಾಕ್ಕಂನ ಆಫೀಸಿಗೆ ಹೊರಟರೆ ಬರುವುದು ಸಂಜೆಗೆ. ಮಧ್ಯಾಹ್ನ ಪ್ಲೇಸ್ಕೂಲಿನ ವ್ಯಾನು ಮಗಳು ಜಾನುವನ್ನು ತಂದು ಬಿಟ್ಟ ಮೇಲೆ ಮನೆಯಲ್ಲಿ ನಾವಿಬ್ಬರೇ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನಂತೂ ಬಾಯಿಮಾತಿನಲ್ಲೇ ಮಗು ಸಾಕುತ್ತೇನೆ. "ಚಡ್ಡಿ ಹಾಕ್ಕೊಳೇ ಪುಟ್ಟಾ" ಎಂದು ಮಂಚದಿಂದ ಅಪ್ಪಣೆ ಮಾಡಿದರೆ, ಅವಳು ಎರಡು ಕಾಲನ್ನೂ ಒಂದೇ ತೂತಿಗೆ ತೂರಿಸಿಕೊಂಡು, ಕುಪ್ಪಳಿಸುತ್ತ ಬಂದು, "ಸರಿಯಾ ಪಾ?" ಎನ್ನುತ್ತಾಳೆ. ಬಹಳ ಸರಿ ಎಂದು ಒಪ್ಪಿಕೊಳ್ಳುತ್ತೇನೆ. ಬಗ್ಗಲಾರದವನು ಇಂಥ ವಿಷಯದಲ್ಲಿ ಹಟ ಮಾಡಬಾರದು.

ಮನುಷ್ಯ ನಾಲ್ಕು ಕಾಲು ಬಿಟ್ಟು ಎರಡು ಕಾಲಿನ ಮೇಲೆ ಎದ್ದು ನಿಂತದ್ದೇ ಬೆನ್ನುನೋವಿಗೆಲ್ಲ ಮೂಲ ಎನ್ನುತ್ತಾರೆ. ಇದ್ದರೂ ಇರಬಹುದು. ಹಾಯಾಗಿ ಅಂಬೆಗಾಲಿಡುತ್ತಿದ್ದ ನಮ್ಮ ಜಾನುವನ್ನು ನಾವೇ ಚಪ್ಪಾಳೆ ತಟ್ಟಿ ಹುರಿದುಂಬಿಸಿ ಈ ದಾರಿಗೆ ಹಚ್ಚಿದೆವಲ್ಲ ಎಂದು, ಸೊಂಟಕ್ಕೆ ಬೆಲ್ಟು ಬಿಗಿದುಕೊಳ್ಳುವಾಗಲೆಲ್ಲ ನನಗೆ ಪಾಪಪ್ರಜ್ಞೆ ಕಾಡುತ್ತದೆ. ಅವಳಿಗೋ, ಆ ಬೆಲ್ಟಿನ ಮೇಲೇ ಕಣ್ಣು. ತನಗೂ ಒಂದು ಬೇಕೆಂದು ಅತ್ತು, ಸುಮಾಳ ಕೈಲಿ ಟವೆಲ್ ಕಟ್ಟಿಸಿಕೊಂಡು, ನನ್ನ ಹಾಗೇ "ಅಮ್ಮಾ" ಎಂದು ನರಳುತ್ತ ಸೋಫಾದಲ್ಲಿ ಕೂರುತ್ತಾಳೆ. ನಾನು ಅಷ್ಟು ಜೋರಾಗಿ ನರಳುವುದಿಲ್ಲ ಎಂದರೆ ಸುಮಾ ಒಪ್ಪುವುದಿಲ್ಲ.

ಅದೆಲ್ಲ ಹೋಗಲಿ. ನನ್ನ ಅಸಲು ಸಂಕಟ ಉಪ್ಪುಮೂಟೆಯದು. ಆಪರೇಷನ್ನಿಗೆ ಮುಂಚೆ ದಿನಾ ಸಂಜೆ ಜಾನುವನ್ನು ಬೆನ್ನಿಗೇರಿಸಿಕೊಂಡು, "ಉಪ್ಪು ಬೇಕೇನಮ್ಮಾ ಉಪ್ಪು" ಎಂದು ಕೂಗುತ್ತ ಎದುರುಮನೆಯ ರಂಗನಾಯಕಿ ಮಾಮಿಯ ಬಾಗಿಲವರೆಗೆ ಹೋಗುತ್ತಿದ್ದೆ. ಮಾಮಿಯ ಮನೆತನ ಮದರಾಸಿಗೆ ಬಂದು ಎಷ್ಟೋ ತಲೆಮಾರಾಯಿತು. ಅವರ ಕನ್ನಡಕ್ಕೆ ಒಗ್ಗರಣೆಯೆಲ್ಲ ತಮಿಳಿನದು. ಅವರು ಹೊರಗೆ ಬಂದು ಬೆಲೆ ಕೇಳಬೇಕು; ನಾನು, "ಇದು ಮಾರೋ ಉಪ್ಪಲ್ಲ ಮಾಮಿ, ನಮ್ಮನೆ ಉಪ್ಪು" ಎಂದು ಮೂಟೆಯ ಸಮೇತ ವಾಪಸು ಓಡಬೇಕು. ಮೂಟೆ ಕಿಲಕಿಲ ನಗಬೇಕು. ಒಂದು ಹರಳೂ ಮಾರದೆ ಇಷ್ಟು ಚೆನ್ನಾಗಿ ನಡೆದ ವ್ಯಾಪಾರ ಚೆನ್ನೈಯಲ್ಲಿ ಇನ್ನೊಂದಿರಲಾರದು.

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಜಾನು ನನ್ನ ಬೆನ್ನ ಹಿಂದೆ ಬಂದು ಕೈ ಚಾಚಿ ನಿಲ್ಲುತ್ತಿದ್ದಳು. "ಅಪ್ಪಂಗೆ ಉವ್ವಾ ಆಗಿದೆ ಕಂದಾ, ಹತ್ತಬಾರದು" ಎಂದು ಸುಮಾ ಹೇಳಿದ ಮೇಲೆ ಬರುವುದನ್ನೇ ಬಿಟ್ಟಳು. ಅವಳು ಅತ್ತು ರಂಪ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕೇಳುವುದನ್ನೇ ಬಿಟ್ಟಳಲ್ಲ, ಅದು ಹೊಲಿಗೆಗಿಂತ ಹೆಚ್ಚು ನೋಯಿತು. ನನ್ನ ಬೆನ್ನು ರಿಪೇರಿಯಾಗುವ ಹೊತ್ತಿಗೆ ಇವಳು ಬೆಳೆದು, ಆಟ ಮರೆತು, ಅಪ್ಪ ಎಂದರೆ ಮಂಚದಿಂದ ಮಾತಾಡುವ ಒಂದು ಸಾಮಾನು ಎಂದುಕೊಂಡುಬಿಟ್ಟರೆ? ಇದೇ ಭಯ ನನಗೆ. ಇತ್ತ ಫಿಸಿಯೋಥೆರಪಿಯ ಹುಡುಗಿ, "ನಡೀರಿ ಸಾರ್, ನಡೆದ್ರೇನೇ ಸರಿಹೋಗೋದು" ಎಂದು ಗದರುತ್ತಿದ್ದಳು. ಕಾಲು ಜಾರಿದರೆ ಎಂಬ ಪುಕ್ಕಲಿನಿಂದ ನಾನು ಇವತ್ತು ಸೆಕೆ, ಇವತ್ತು ಕಾರಿಡಾರ್ ಒರೆಸಿದ್ದಾರೆ ಎಂದು ಹೊಸಿಲು ದಾಟದೆ ದಿನ ತಳ್ಳುತ್ತಿದ್ದೆ.

ಹೋದ ವಾರ ಒಂದು ಸಂಜೆ ಜಾನು ಸುಮಾಳ ದುಪ್ಪಟ್ಟವನ್ನು ಎಳೆದುಕೊಂಡು ಬಂದಳು.

"ಎದ್ದೇಳು ಪಾ. ಇನ್ನಿಕ್ಕಿ ನೀನು ಉಪ್ಪು."

"ಇವತ್ತು ನಾನಾ? ನಿನ್ ಕೈಲಿ ನನ್ನ ಎತ್ತೋಕಾಗುತ್ತೇನೇ?"

"ಎತ್ತಲ್ಲ. ಎಳ್ಕೊಂಡು ಹೋಗ್ತೀನಿ."

ದುಪ್ಪಟ್ಟದ ಒಂದು ತುದಿಯನ್ನು ನನ್ನ ಕೈಗಿತ್ತು, ಇನ್ನೊಂದನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಥೇಟ್ ಆಗಿನ ನನ್ನ ಹಾಗೇ ಮುಂದಕ್ಕೆ ಬಗ್ಗಿ ಹೊರಟಳು. ಹೊಸಿಲ ಹತ್ತಿರ ನನ್ನ ಕಾಲು ತಡವರಿಸಿತು. "ನಿಧಾನ ಕಣೇ" ಎಂದೆ. "ಮೂಟೆ ಪೇಸಾದು!" ಎಂದು ತಮಿಳಿನಲ್ಲಿ ಗದರಿದಳು. ನಿಜ, ಮೂಟೆ ಮಾತಾಡಬಾರದು. ತೆಪ್ಪಗೆ ಹೊಸಿಲು ದಾಟಿದೆ. ಅವಳು ಮಾತ್ರ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ, ಮೂಟೆ ನೆಟ್ಟಗಿದೆಯೇ ಎಂದು ನೋಡಿ, ನಡಿಗೆ ಇನ್ನಷ್ಟು ನಿಧಾನ ಮಾಡುತ್ತಿದ್ದಳು. ಹೀಗೆ ನಿಂತು ನಿಂತು ಮಾಮಿಯ ಬಾಗಿಲು ಮುಟ್ಟಿದೆವು.

"ಉಪ್ಪು ಬೇಕೇನಮ್ಮಾ ಉಪ್ಪು!"

ಮಾಮಿ ಬಾಗಿಲು ತೆರೆದು ಕೆನ್ನೆಗೆ ಕೈ ಹಚ್ಚಿದರು. "ಪೆರುಮಾಳೇ! ಏನ್ ಜಾನು, ಇವ್ವಳವು ದೊಡ್ಡ ಮೂಟೆಯಾ! ಏನ್ ವಿಲೆ?"

ಗಡ್ಡ ಬಿಟ್ಟ, ಬೆಲ್ಟು ಬಿಗಿದ, ಒಂದು ಈರುಳ್ಳಿಯನ್ನೂ ಎತ್ತಲಾಗದ ಈ ಮೂಟೆಗೆ ಏನು ಬೆಲೆ ಬಂದೀತು ಎಂದು ನಾನೂ ಕುತೂಹಲದಿಂದ ಕಾದೆ. ಮಗು ಆಟವನ್ನು ಮರೆತಿರಲಿಲ್ಲ. ದುಪ್ಪಟ್ಟವನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ಹೇಳಿದಳು:

"ಇದು ಮಾರೋ ಉಪ್ಪು ಇಲ್ಲೆ ಮಾಮಿ. ನಮ್ಮನೆ ಉಪ್ಪು."

ಮಾಮಿ ನನ್ನ ಮುಖ ನೋಡಿದರು; ನಾನು ದುಪ್ಪಟ್ಟದ ನನ್ನ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಮೂಟೆ ಮಾತಾಡಬಾರದು ಎಂಬ ಕಾನೂನು ಇದ್ದದ್ದರಿಂದ ಹೇಗೋ ಬಚಾವಾದೆ.