ಸುರುಳಿ ಬಗ್ಗಿಸುವ ಕೈಯಂತ್ರ

ಗುಜರಿ ಕಬ್ಬಿಣ ತಂದು, ಒಂದು ಮಳೆಗಾಲವಿಡೀ ಉಜ್ಜಿ ಉಜ್ಜಿ, ಹೆಮ್ಮಾಡಿಯ ನನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ಆ ಕೈಯಂತ್ರ ಮಾಡಿದ್ದೆ. ಬೆಂಕಿ ಬೇಡ, ಸುತ್ತಿಗೆ ಬೇಡ; ಹಿಡಿ ಎಳೆದರೆ ಕಬ್ಬಿಣದ ಪಟ್ಟಿ ಚೆಂದಕ್ಕೆ ಸುರುಳಿ ಸುತ್ತುತ್ತಿತ್ತು. ಅದರಲ್ಲಿ ಮಾಡಿದ ಮೊದಲ ಕಿಟಕಿ ಗ್ರಿಲ್ ಕಡಲ ಬದಿಯಲ್ಲಿ ಮನೆ ಕಟ್ಟಿಸಿದ ಮೀನು ಮಾರುವ ಅಕ್ಕನಿಗೆ. ಕೆಲವು ಮಳೆಗಾಲ ಕಳೆದ ಮೇಲೆ ಅವರೇ ಕರೆಸಿದರು.

“ಹ್ವಾಯ್, ಇಲ್ಲ್ ಕಾಣಿ. ಸುರುಳಿ ಒಳ್ಗೆ ಪೇಂಟಿನ ಬ್ರಷ್ಷೇ ಹೋತಿಲ್ಲೆ. ಉಪ್ಪುಗಾಳಿಗೆ ಪೂರಾ ತುಕ್ಕ್ ಹಿಡ್ದಿತ್.”

ಮುಟ್ಟಿದೆ. ಸುರುಳಿಯ ತುದಿ ಪುಡಿಯಾಗಿ ಕೈಗೇ ಬಂತು.

ಅಕ್ಕನೇ ಸಮಾಧಾನ ಹೇಳಿದರು: “ನಂಗೆ ನೆಟ್ಟಗಿನ ಸರಳೇ ಸಾಕ್. ಬಗ್ಸುಕೆ ಮಾಡ್ದಂಗೆ ನೆಟ್ಟಗ್ ಮಾಡುಕೂ ಒಂದ್ ಯಂತ್ರ ಮಾಡಿ ಕಾಂಬ.”

ಆಮೇಲೆ ಸುರುಳಿ ಕೇಳಿಕೊಂಡು ಯಾರೂ ಬರಲಿಲ್ಲ. ಯಂತ್ರಕ್ಕೆ ಮಾತ್ರ ಇನ್ನೂ ತುಕ್ಕು ಹಿಡಿದಿಲ್ಲ. ದಿನಾ ಎಣ್ಣೆ ಹಾಕಿ ಒರೆಸುತ್ತೇನಲ್ಲ!